ಕುಲಾವಿ

ಇನ್ನೂ ಹುಟ್ಟಿಲ್ಲ ಅದು.
ಹೆಸರಿಲ್ಲ, ಬೆಲೆಯಿಲ್ಲ, ಕಪ್ಪೋ ಬಿಳಿಯೋ ಕಂಡವರಿಲ್ಲ.
ಆದರೂ ರೆಸಿಫೆಯ ಈ ಸಂದಿಯಲ್ಲಿ,
ಜುರಾಂದಿರನ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ,
ಸಂಜೆಯಾದರೆ ಎಲ್ಲರ ಕೈಯಲ್ಲೂ ಕುಲಾವಿ:
ಅಳತೆ ಹಿಡಿಯುವವರು, ಹೊಲಿಯುವವರು,
ಹೊಲಿದದ್ದು ಬಿಚ್ಚಿ ದಾರ ಕಡಿಯುವವರು.

ನೀರು ನೀರಿನ ಹಾಗೇ ಇರುತ್ತದಂತೆ ಈ ಸಲ,
ಅನ್ನುತ್ತಾನೆ ವಾಲ್ದೆಸಿಯೊ.
ದಿನಕ್ಕೆ ಹತ್ತು ಬಾರಿ ಕಪಿಬಾರಿಬೆ ಹೊಳೆ ದಾಟಿಸುವ ಅಂಬಿಗ;
ಮನೆಗೆ ಹೋಗಿ ಅಂಗಿ ಕಳಚಿ
ಮತ್ತೆ ಕೂರುವುದು ಹಡಗಿನ ಆಟಕ್ಕೇ.
ಅಲೆ ದಡಕ್ಕೆ ಬಡಿದು ಒಡೆದರೆ
ಒಂದೊಂದು ಹನಿಯಲ್ಲೂ ಸೂರ್ಯ ಬೇರೆ ಬೇರೆಯಂತೆ.
ಹೊಳೆಯಲ್ಲಿ ಅದನ್ನು ನೋಡಿದ್ದೀಯಾ ಎಂದರೆ
ಹೊಳೆಯಲ್ಲಿ ಪುರುಸೊತ್ತೆಲ್ಲಿ, ಎನ್ನುತ್ತಾನೆ.

ರುವಾನನಿಗೆ ಹದಿನೈದು. ಅವನ ಚಿಂತೆ ಲೆಕ್ಕದ್ದು.
ಹನ್ನೆರಡು ಕಂತು, ಅದರ ಮೇಲೆ ಸುಂಕ,
ಸುಂಕದ ಮೇಲೊಂದು ಸುಂಕ.
ಕಡಲ ದಂಡೆಯಲ್ಲಿ ಅವನಮ್ಮ ಸುಡುವ
ಮರಗೆಣಸಿನ ರೊಟ್ಟಿಯಲ್ಲಿ ಎಣಿಸಿದರೆ
ಸಾವಿರದ ಆರುನೂರು ರೊಟ್ಟಿ, ಕಾಯಿತುರಿಯ ಖರ್ಚು ಬಿಟ್ಟು.
ಎಣಿಸಿ, ನಾಚಿ, ಬೆರಳು ಜೇಬಿಗಿಳಿಸುತ್ತಾನೆ.

ಅದಕ್ಕೆ ಬಾಯಿಯೇ ಇರುವುದಿಲ್ಲವಂತಲ್ಲ,
ಡಿಸ್ಕು ತೂರಿಸುವ ಆ ಸೀಳು?
ಕೇಳಿದ್ದು ಝುಲ್ಮೀರಾ, ಬಸ್ಸಿನ ಟಿಕೇಟು ಹರಿದು ನಿವೃತ್ತಳಾದವಳು.
ಬಾಯಿಲ್ಲದ ಕೂಸಿಗೆ ಹಾಲು ಎಲ್ಲಿಂದ?
ಗಾಳಿಯಿಂದ, ಅಂದ ಜುರಾಂದಿರ, ತಲೆಯೆತ್ತದೆ.
ಗಾಳಿ ಕೊಡುವವನು ಒಂದು ದಿನ ಸಾಕು ಅಂದರೆ?
ಬೆಸುಗೆಯ ಹೊಗೆ ಮೇಲೇರಿತು, ಅಷ್ಟೇ.
ಅವಳ ಬಳಿ ಒಂದು ಫುಟ್‌ಬಾಲ್ ಡಿಸ್ಕ್ ಇದೆ,
ಹನ್ನೊಂದು ಮನೆ ಸುತ್ತಿ ಬಂದದ್ದು.
ಬೆನ್ನ ಮೇಲೊಂದು ಗೀರು, ಮೀನು ಕರಿದ ಕೈಯ ವಾಸನೆ.
ಎರಡನೆಯ ಅರ್ಧದಲ್ಲಿ ತಪ್ಪದೆ ಒಮ್ಮೆ ತೊದಲುತ್ತದೆ;
ಅಲ್ಲಿ ಹನ್ನೊಂದು ಮನೆಯವರೂ ಒಂದೇ ಬೈಗುಳ ಬೈದಿದ್ದಾರೆ.
ಗಾಳಿಯನ್ನು ಎರವಲು ಕೊಡುವುದು ಹೇಗೆ?

ನಾನು ಬಂದದ್ದು ನನ್ನ ಹಳೆಯದನ್ನು ಹೊತ್ತುಕೊಂಡು.
ಹಲ್ಲಿನ ಸೆಟ್ಟು ಎರಕ ಹೊಯ್ಯುವ ಕೆಲಸ ನನ್ನದು;
ಇಡೀ ದಿನ ಯಾರದೋ ನಗೆಯನ್ನು ಉಜ್ಜಿ
ರಾತ್ರಿ ಇದರ ಮುಂದೆ ಕೂತರೆ
ಫ್ಯಾನು ಮಿಕ್ಸಿಯ ಹಾಗೆ ಅರಚುತ್ತದೆ.
ಜುರಾಂದಿರ ಮುಚ್ಚಳ ತೆಗೆದ. ಧೂಳು, ಒಂದು ಸತ್ತ ಜಿರಲೆ,
ತಮ್ಮನ ಬೆಕ್ಕಿನ ಕೂದಲು.
"ಒಳಗಿನ ಡ್ರೈವ್ ಬದಲಿಸಿಬಿಡ್ತೀನಿ," ಅಂದ,
"ಹೊಸದು ಬರೋವರೆಗೆ ಇದೇ ಕುದುರೆ ಓಡುತ್ತೆ.
ಲೋಡಿಂಗು ನಲವತ್ತು ಸೆಕೆಂಡಿದ್ದದ್ದು ಎಂಟಕ್ಕಿಳಿಯುತ್ತೆ."

ಬೇಡ ಅಂದೆ.

ಆ ನಲವತ್ತು ಸೆಕೆಂಡಿನಲ್ಲೇ ನನ್ನ ತಮ್ಮ ಮಾತಾಡುತ್ತಿದ್ದದ್ದು.
ಆಟದಲ್ಲಲ್ಲ, ಊಟದಲ್ಲಲ್ಲ.
ಬಿಳಿ ಗೆರೆ ಎಡದಿಂದ ಬಲಕ್ಕೆ ತೆವಳುವಾಗ,
ಕಣ್ಣು ಪರದೆಯ ಮೇಲೇ ನೆಟ್ಟು,
ಫೇಲಾದೆ ಅಂದ ಒಮ್ಮೆ.
ಕೆಲಸ ಬಿಟ್ಟೆ ಅಂದ ಇನ್ನೊಮ್ಮೆ.
ಅಪ್ಪ ನಿಜವಾಗಿ ಹಾಗಂದನಾ ನನ್ನ ಬಗ್ಗೆ, ಅಂದ.
ಗೆರೆ ತುಂಬಿತು. ನಾನು ಗುಂಡಿ ಒತ್ತಿದೆ.

ಈಗ ಅವನು ಮನಾಉಸ್‌ನಲ್ಲಿ, ಬೆಕ್ಕಿನ ಜೊತೆ.
ಮೊನ್ನೆ ಎರಡು ಸಾಲು ಬಂತು: ಹೊಸದು ಬಂದರೆ
ಇಬ್ಬರೂ ಒಂದೊಂದು ಕೊಂಡು ಒಟ್ಟಿಗೆ ಆಡೋಣವೇ,
ಕಣ್ಣು ಮುಚ್ಚಿ ತೆಗೆಯುವಷ್ಟೂ ಕಾಯಬೇಕಿಲ್ಲವಂತೆ.

ಜುರಾಂದಿರ ನನ್ನನ್ನೇ ನೋಡಿದ;
ನಿಧಾನವಾಗಿರಲಿ ಎಂದು ದುಡ್ಡು ಕೊಡುವ ಮೊದಲ ಗಿರಾಕಿ.
ಧೂಳು ಊದಿ, ಫ್ಯಾನಿಗೊಂದು ಹನಿ ಎಣ್ಣೆ ಬಿಟ್ಟು ಮುಚ್ಚಿದ.
ಇಪ್ಪತ್ತು ರಿಯಾಲ್.
ಹೊರಗೆ ರುವಾನ್ ಮತ್ತೆ ಬೆರಳು ತೆಗೆದಿದ್ದ.
ಡಿಸೆಂಬರಿಗಂತೆ, ಅಂದರು ಯಾರೋ. ಇಲ್ಲ, ಅದರಾಚೆಯ ಡಿಸೆಂಬರಿಗೆ.
ಯಂತ್ರವನ್ನು ಕಂಕುಳಲ್ಲಿ ಅವುಚಿ ಮೆಟ್ಟಿಲಿಳಿದವಳು
ತಿರುಗಿ ನಿಂತು ಕೇಳಿದೆ, ನಾನೂ:
ತಲೆ ಎಷ್ಟು ದಪ್ಪ ಇರಬಹುದು ಅದಕ್ಕೆ?