ಐದು ಪ್ರಶ್ನಾರ್ಥಕ ಚಿಹ್ನೆ

ಮೊದಲು ಪುಟವೇ ಬಿಳಿ.
ಸುಣ್ಣ ಹೊಡೆದ ಗೋಡೆಯಾದರೂ
ಒಂದು ಮೊಳೆ ತೋರಿಸುತ್ತದೆ; ಇದು ಅದೂ ಇಲ್ಲ.
ರೂವಿಯ ಬಾವುಂಞಿ ಕಾರ್ಗೋದ ಹಿಂದಿನ ಕೋಣೆ,
ಆಗಸ್ಟಿನ ರಾತ್ರಿ ಹನ್ನೊಂದೂ ಮುಕ್ಕಾಲು,
ಏಸಿಯ ಕೆಳಗಿಟ್ಟ ಬಕೆಟ್ಟಿಗೆ ತೊಟ್ಟು, ತೊಟ್ಟು.

ಲಾಗ್ ಫೈಲು ತೆರೆದೆ. ಅದು ಬೈಯುವುದಿಲ್ಲ,
ತಣ್ಣಗೆ ಚಾಡಿ ಹೇಳುತ್ತದೆ:
ಇಂಥ ಫೈಲು, ಇಂಥ ಸಾಲು,
ನೀನು ಬಾಯಿ ತೆರೆಯುವ ಮೊದಲೇ ಯಾರೋ ಮಾತಾಡಿದರು.
ಹುಡುಕಿದರೆ ಮಾತಲ್ಲ, ಒಂದು ಖಾಲಿ ಜಾಗ;
ಮೊದಲ ಸಾಲಿಗೂ ಮೊದಲು ಯಾರ ಹೆಬ್ಬೆರಳೋ
ಸ್ಪೇಸ್ ಬಾರಿನ ಮೇಲೆ ಒಂದು ಗಳಿಗೆ ಕೂತೆದ್ದದ್ದು.
ಯಾರದೋ ಏನು, ನನ್ನದೇ.
ಅಳಿಸಿದೆ. ಪುಟ ಬಂತು.

ಬಂತು, ಹೆಸರುಗಳಿಲ್ಲದೆ.

ನಲವತ್ಮೂರು ಪೆಟ್ಟಿಗೆ ಸಾಲಾಗಿ ಗೋಡೆಗೊರಗಿವೆ.
ಕಳಿಸುವವರ ಹೆಸರು ಪಾಸ್‌ಪೋರ್ಟಿನ ಇಂಗ್ಲಿಷು,
ಒಂದಕ್ಕೂ ಗಾಯವಿಲ್ಲ.
ತಲುಪಬೇಕಾದವರ ಹೆಸರು ಮಾತ್ರ ಕನ್ನಡದಲ್ಲಿ,
ಊರಲ್ಲಿ ವ್ಯಾನು ಓಡಿಸುವ ಸೇಸಪ್ಪನಿಗೆ
ಬೇರೆ ಲಿಪಿ ಬಾರದೆಂದು.
ಅಲ್ಲೆಲ್ಲ ಈಗ ಕೊಕ್ಕೆ, ಕೊಕ್ಕೆಯ ಕೆಳಗೊಂದು ಚುಕ್ಕೆ:
?????, ಉಪ್ಪಿನಂಗಡಿ.
????, ಮೂಲ್ಕಿ.

ಹೋದ ವಾರ ಸರ್ವರ್ ಬದಲಿಸಿದವನು ನಾನು.
ಪುಟಕ್ಕೆ ಹೇಳಿದ್ದೆ: ಕನ್ನಡ ಬರುತ್ತದೆ, ಎದ್ದು ನಿಂತು ಮರ್ಯಾದೆ ಕೊಡು.
ದಾರಿಗೂ ಹೇಳಿದ್ದೆ.
ಒಳಗೆ ಕೂತ ಟೇಬಲ್ಲಿಗೆ ಹೇಳಲು ಮರೆತೆ.
ಅದು ಹಳೇ ಕಾಲದ ಗುಮಾಸ್ತ,
ಅರಿಯದ ಅಕ್ಷರ ಕಂಡಾಗಲೆಲ್ಲ
ತಲೆಯೆತ್ತದೆ ಒಂದು ಕೊಕ್ಕೆ ಎಳೆದಿದೆ.
ಸರಿಮಾಡಲು ಒಂದೇ ಸಾಲು ಸಾಕು. ಬರೆದೆ.
ನಾಳೆಯ ಹೆಸರುಗಳು ಬದುಕಿದವು.
ಇವು ಹೋದವು. ಬ್ಯಾಕಪ್ಪಿನಲ್ಲೂ ಕೊಕ್ಕೆಯೇ,
ಎಷ್ಟು ನಿಷ್ಠೆಯಿಂದ ಕಾಪಾಡಿದೆ ನೋಡಿ.

ಆಮೇಲೆ ಒಂದು ಹುಚ್ಚು ಹೊಳೆಯಿತು: ಎಣಿಸೋಣ.
ಐಸಮ್ಮ. ಕಣ್ಣಿಗೆ ಮೂರೇ ಅಕ್ಷರ.
ಯಂತ್ರಕ್ಕೆ ಐದು; ಮಕಾರಕ್ಕೆ ಮಕಾರ ಒತ್ತುವಾಗ
ನಡುವೆ ಸಾಯುವ ಸ್ವರಕ್ಕೂ
ಅದು ಒಂದು ಕೊಕ್ಕೆ ಇಟ್ಟಿದೆ.
ಐದು ಕೊಕ್ಕೆ, ಉಪ್ಪಿನಂಗಡಿ. ಸಿಕ್ಕಿದಳು ಎಂದುಕೊಂಡೆ.
ಖತೀಜಾ ಅಂತ ಬರೆದು ನೋಡಿದೆ.
ಅದೂ ಐದು.

ಶುಕ್ರವಾರ, ಜುಮಾ ಮುಗಿದ ಮೇಲೆ ಫೋನು ಹಿಡಿದು ಕೂತೆ.
ಸೊಹಾರ್ ಬಂದರಿನ ಕ್ರೇನಿನ ಪುತ್ತುಮೋನು ಎತ್ತಿದ.
ಪೆಟ್ಟಿಗೆ ಯಾರಿಗೆ?
‘ಮನೆಗೆ.’
ಮನೆಯಲ್ಲಿ ಯಾರಿಗೆ?
‘ಮನೆಯವಳಿಗೆ.’
ಹೆಸರು?
ಲೋಹ ಲೋಹಕ್ಕೆ ತಾಗುವ ಸದ್ದು, ಯಾರೋ ಹಿಂದಿಯಲ್ಲಿ ಕೂಗಿದ್ದು.
‘ಬರೆದು ಕೊಟ್ಟಿದ್ದೆನಲ್ಲ.’
ಬರೆದದ್ದು ಹೋಯಿತು, ತಪ್ಪು ನನ್ನದು.
‘ಹೆಸರು... ಬಾಯಲ್ಲಿ ಹೇಳಬೇಕಾ?’
ಹದಿನಾಲ್ಕು ವರ್ಷ ಆಕೆಯನ್ನು ‘ಇಗಾ, ಕೇಳ್ತಾ?’ ಎಂದೇ ಕರೆದವನು,
ನಲವತ್ತು ಮೀಟರ್ ಎತ್ತರದಲ್ಲಿ
ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಿರಬೇಕು.
ಆಮೇಲೆ ಬಿಡಿಬಿಡಿಯಾಗಿ, ಕಾಪಿ ಪುಸ್ತಕದಂತೆ:
‘ಐ. ಸ. ಮ. ಮಕ್ಕೆ ಮ ಒತ್ತು.’
ನಾನು ಒತ್ತಿದೆ.

ಸಂಜೆಗೆ ನಲವತ್ತೆರಡು ಲೇಬಲ್ಲು ಅಂಟಿದವು.
ಬಾವುಂಞಿ ಹಾಜಿ ಬಂದು ಕನ್ನಡಕ ಏರಿಸಿ,
‘ಇಷ್ಟು ಹೊತ್ತು ಏನು ಮಾಡ್ತಿದ್ದಿ?’ ಎಂದರು.
ಸ್ಪೇಸ್ ಅಳಿಸಿದೆ ಅಂದೆ.

ಹದಿನೇಳನೆಯದು ಉಳಿದಿದೆ, ಮೂಲ್ಕಿಯದು.
ಕಳಿಸಿದವನ ನಂಬರು ಸ್ವಿಚ್ ಆಫ್.
ರೋಸಿಯೂ ನಾಲ್ಕು, ಲೀಲಾಳೂ ನಾಲ್ಕು, ಬೀಬಿಯೂ ನಾಲ್ಕು.
ಪೆಟ್ಟಿಗೆಯಲ್ಲಿ ಮೂರನೇ ಕ್ಲಾಸಿನ ಅಳತೆಯ
ಫುಟ್‌ಬಾಲ್ ಶೂ ಎಂದು ರಶೀದಿ ಹೇಳುತ್ತದೆ.
ಬಕೆಟ್ಟಿನ ನೀರು ತಾಗದಂತೆ
ಸ್ವಲ್ಪ ಆಚೆಗೆ ಸರಿಸಿಟ್ಟಿದ್ದೇನೆ.