ಎರಡು ಬೆಲ್

ಇಪ್ಪತ್ತೇಳು ವರ್ಷ ಕಂಬಿ ಹಿಡಿಯದೆ ನಿಂತವನು ನಾನು,
ಕಾಸರಗೋಡು, ಬದಿಯಡ್ಕ, ಪೆರ್ಲ, ದಿನಕ್ಕೆ ಆರು ಸಲ.
ಕೈಯಲ್ಲಿ ಟಿಕೇಟು ಕಟ್ಟು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು,
ಕಂಕುಳಲ್ಲಿ ಚೀಲ.
ಎಡನೀರು ದಾಟಿದ ಮೇಲಿನ ತಿರುವಿಗೆ
ಸೊಂಟ ತಾನಾಗಿ ವಾಲುತ್ತಿತ್ತು,
ಹೆಬ್ಬೆರಳು ಚಪ್ಪಲಿ ಸಮೇತ ತಗಡು ಕಚ್ಚುತ್ತಿತ್ತು,
ನಾನು ಚಿಲ್ಲರೆ ಎಣಿಸುತ್ತಿದ್ದೆ.
ಮೀನಿನ ಬುಟ್ಟಿಯ ಕಾರ್ತ್ಯಾಯನಿ ನಗುತ್ತಿದ್ದಳು:
‘ಐತ್ತಪ್ಪಣ್ಣನನ್ನು ಬಸ್ಸಿಗೇ ಮೊಳೆ ಹೊಡೆದಿದ್ದಾರೆ.’

ಈಗ ಅಂಗಳದಲ್ಲಿ ನಿಂತರೆ
ಅಂಗಳ ಹೊರಡುತ್ತದೆ.

ಮೊದಮೊದಲು ಜೋಮು ಎಂದುಕೊಂಡೆ.
ರಾತ್ರಿಯಾದರೆ ಪಾದದೊಳಗೆ ಕೆಂಪಿರುವೆ ಸಾಲು.
ಗಿರಿಜೆ ಎದ್ದು ದೀಪ ಹಾಕಿ ಚಾಪೆ ಕೊಡವಿದಳು,
ಇರುವೆ ಇಲ್ಲ.
ಕೆಲವು ತಿಂಗಳಿಗೆ ಒಳಗಿನ ಇರುವೆಯೂ ಹೋಯಿತು.
ಗುಣವಾಯಿತು ಎಂದು ಊರಿಗೆಲ್ಲ ಹೇಳಿದೆ.
ಹುಚ್ಚು.
ಸುದ್ದಿ ತರುವವನೇ ಊರು ಬಿಟ್ಟಿದ್ದ.

ಒಂದು ಮದುವೆ ಊಟ ಮುಗಿಸಿ ಬಂದು ಬೂಟು ಬಿಚ್ಚಿದರೆ
ಒಳಗೆ ಐದು ರೂಪಾಯಿ ನಾಣ್ಯ.
ಬೆಳಿಗ್ಗೆಯಿಂದ ತುಳಿದಿದ್ದೇನೆ.
ಕತ್ತಲಲ್ಲಿ ತಡವಿ ಎರಡೋ ಐದೋ ಹೇಳುತ್ತಿದ್ದವನು!
ಅಂಗಾಲಲ್ಲಿ ಅದರ ಅಚ್ಚು, ಕೆಂಪಗೆ,
ಕನ್ನಡಕವಿಲ್ಲದೆ ಓದಬಹುದಿತ್ತು.

ಷಹನಾಸ್ ಡಾಕ್ಟರು ಉಕ್ಕಿನ ಕವಲುಕಡ್ಡಿಯೊಂದನ್ನು
ಅಂಗೈಗೆ ಬಡಿದು ಹೆಬ್ಬೆರಳ ಮೇಲಿಟ್ಟರು.
‘ಅರಿಯುನ್ನುಂಡೋ?’
ಅರಿವು ನಮ್ಮ ಮಾತೂ ಹೌದಲ್ಲ, ಅರ್ಥವಾಯಿತು.
ಕಡ್ಡಿ ನಡುಗುವುದು ಕಣ್ಣಿಗೆ ಕಂಡಿತು,
ಗುಂಯ್ ಎನ್ನುವುದು ಕಿವಿಗೆ ಕೇಳಿತು,
ಕಾಲಿಗೆ ಮಾತ್ರ ರಜೆ.
ಹರಡು, ಅದರ ಮೇಲೆ, ಇನ್ನೂ ಮೇಲೆ;
ಕಣಕಾಲಿನ ನಡುವೆ ಎಲ್ಲೋ ‘ಹಾಂ’ ಎಂದೆ.
ಅಲ್ಲಿ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದರು.

ನನಗೆ ನಗು ಬಂತು.
ಅಪ್ಪ ಮಲಗಿ ಏಳುವಷ್ಟರಲ್ಲಿ ಯಾರೋ ಹೀಗೇ ಎಳೆದಿದ್ದರಂತೆ.
ಮನೆ ಅಲ್ಲೇ, ಬಾವಿ ಅಲ್ಲೇ,
ಕಚೇರಿಯ ಕಾಗದ ಮಾತ್ರ ಓದಲು ಬಾರದು.
ಗೆರೆಯ ಕೆಳಗಿನದೂ ನನ್ನ ಕಾಲೇ,
ಅಲ್ಲಿಂದ ಹಾಕಿದ ಅರ್ಜಿ ಇಲ್ಲಿಗೆ ಮುಟ್ಟುವುದಿಲ್ಲ, ಅಷ್ಟೆ.

‘ಪಾದ ಜೋಡಿಸಿ ಕಣ್ಣು ಮುಚ್ಚಿ.’
ಮುಚ್ಚಿದೆ.
ಎಡನೀರಿನ ತಿರುವು.
ನರ್ಸು ತೋಳು ಹಿಡಿದಳು.

ಇಷ್ಟು ದಿನ ನನ್ನನ್ನು ನಿಲ್ಲಿಸಿದ್ದು ಕಣ್ಣು ಎಂದು ಆಗ ಗೊತ್ತಾಯಿತು.
ಕರೆಂಟು ಹೋದರೆ ಗೋಡೆಯೇ ಗತಿ.
ಮುಖಕ್ಕೆ ಸೋಪು ಹಚ್ಚುವ ಆ ಒಂದು ಗಳಿಗೆ
ಹಂಡೆಯ ಕಟ್ಟೆ ಹಿಡಿಯಬೇಕು.
ಚಪ್ಪಲಿಯೊಂದು ಮಸೀದಿ ಬಾಗಿಲಲ್ಲಿ ಉಳಿದು
ನಾನು ರೇಷನ್ ಅಂಗಡಿ ತಲುಪಿರುತ್ತೇನೆ,
ಮದ್ರಸದ ಮಕ್ಕಳು ಕೂಗುತ್ತ ತಂದುಕೊಡುತ್ತಾರೆ.
ಕಾಲಗಲಿಸಿ, ಎತ್ತಿ, ದೊಪ್ಪೆಂದು ಇಡುವ ಈ ಹೊಸ ನಡಿಗೆಗೆ
ಪೇಟೆಯವರು ಇಟ್ಟ ಹೆಸರು: ಕುಡಿತ.
ಚಹಾಕ್ಕೆ ಸಕ್ಕರೆಯನ್ನೂ ಬಿಟ್ಟವನಿಗೆ!

ಮೊನ್ನೆ ಮದ್ದು ತರಲು ಹೋಗಿ, ಬರುವಾಗ ಹಳೆಯ ಲೈನಿನ ಬಸ್ಸು.
ಕಂಡಕ್ಟರ್ ಹುಡುಗ ಕಂಬಿ ಹಿಡಿಯದೆ ಮೊಬೈಲು ನೋಡುತ್ತಿದ್ದ.
ತಿರುವು ಬಂತು.
ವಕೀಲರು ವಾಲಿದರು, ಶಾಲೆಯ ಹುಡುಗಿಯರು ವಾಲಿದರು,
ಹಾಲಿನ ಕ್ಯಾನೂ.
ಯಾರೂ ನನ್ನತ್ತ ನೋಡಲಿಲ್ಲ.

ನೆಲ್ಲಿಕಟ್ಟೆಯಲ್ಲಿ ಇಳಿಯಬೇಕು.
ಕೆಳಗಿನ ಮೆಟ್ಟಿಲಿಂದ ಒಂದು ಕಾಲು ಇಳಿಬಿಟ್ಟು ಬಗ್ಗಿ ನೋಡಿದೆ,
ನೆಲ ಮುಟ್ಟಿತೇ?
ಮುಟ್ಟಿದ ಹಾಗೆ ಕಾಣುತ್ತದೆ.
ಅದು ನನ್ನದೇ ತಾನೆ?
ಒಡೆದ ಉಗುರಿನಿಂದ ಗುರುತು ಸಿಕ್ಕಿತು.
ಎರಡು ಬೆಲ್ಲಿಗೆ ಹಗ್ಗ ಹಿಡಿದ ಹುಡುಗ
ಬೈಯದೆ ಕಾದ.
ಇನ್ನೊಂದು ಕಾಲು.
ಅದೂ ಬಂತು.
ಹಿಂದೆ ತಿರುಗದೆ ನಾನೇ ಹೇಳಿದೆ,
ರೈಟ್.