ನಾಲ್ಕನೆಯ ಕಲ್ಲು

ಒರಳು ಕೇಳುವವರಿಲ್ಲ ಈಗ. ಗೃಹಪ್ರವೇಶದ ಹೆಸರುಗಲ್ಲು,
ಸಮಾಧಿಗೆ ಎರಡು ತಾರೀಖು, ನಡುವೆ ಒಂದು ಅಡ್ಡಗೀಟು,
ಇಷ್ಟೇ ನನ್ನ ಉಳಿಯ ವಿದ್ಯೆ.
ಹೀಗಿರುವಾಗ ಚಳ್ಳಕೆರೆಯಿಂದ ಜೀಪು ಬಂತು:
ಕಾವಲಿನ ಅಂಚಿಗೆ ನಾಲ್ಕು ಕಲ್ಲು ಬೇಕು, ತಿಪ್ಪೇಶಿ,
ಮೂರಡಿ ಎತ್ತರ, ವೀರಗಲ್ಲಿನ ಹಾಗೆ,
ಇಲ್ಲಿ ಇದ್ದು ಈಗ ಇಲ್ಲದವಕ್ಕೆ.

ಮೊದಲನೆಯದು ಶಿವಂಗಿ.
ಫೋನಿಗೆ ಚಿತ್ರ ಕಳಿಸಿದರು, ಯಾವುದೋ ದೇಶದ್ದು.
ಕಿಲಾರಿ ಸೂರಯ್ಯ ಕಣ್ಣು ಕಿರಿದು ಮಾಡಿ ನೋಡಿ
ನಮ್ಮದಲ್ಲ ಅಂದ. ಅವನೂ ಕಂಡವನಲ್ಲ.
ತಾತನ ತಾತ ಕಂಡದ್ದು ಬಾಯಿಂದ ಬಾಯಿಗೆ ಸವೆದು
ಉಳಿದದ್ದು ಒಂದೇ ಮಾತು:
ಅಳ್ತಾ ಓಡ್ತಿತ್ತಂತೆ.
ಕಣ್ಣಿಂದ ಬಾಯಿಗೆ ಎರಡು ಗೀಟು ಎಳೆದೆ.
ಮಿಕ್ಕಿದ್ದು ನಾಯಿಯ ಹಾಗಾಯಿತು.

ಕೆಳಗಿನ ಅಂಕಣಕ್ಕೆ ಕಾಳಗ ಬೇಕು.
ಯಾರ ಜೊತೆ? ಇದು ಯಾರ ತುರುವಿಗೂ ಸಾಯಲಿಲ್ಲ,
ಯಾರ ಊರನ್ನೂ ಕಾಯಲಿಲ್ಲ.
ಎದುರಾಳಿಯ ಜಾಗ ಖಾಲಿ ಬಿಟ್ಟೆ.
ನಿಂತು ನೋಡುವವರ ನೆರಳು ಸರಿಯಾಗಿ ಅಲ್ಲೇ ಬೀಳುತ್ತದೆ.
ಬೇಕೆಂದು ಮಾಡಿದ್ದಲ್ಲ, ನೆಟ್ಟ ದಿಕ್ಕು ಹಾಗೆ.
ಮೇಲೆ ಸೂರ್ಯ, ಚಂದ್ರ; ಅವು ಇರುವ ತನಕ ಎಂದು ಅರ್ಥ.
ಅವು ಇದ್ದಾವೆ.

ಎರಡನೆಯದು ಎರೆಬೂತ. ನಮ್ಮವ್ವ ಕಂಡಿದ್ದಳು,
ತಿಂದೂ ಇದ್ದಳು. ಎದೆಯ ಭಾಗ ರುಚಿ ಅಂದು
ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು, ಈಗ ತಾನೇ ಉಂಡವಳಂತೆ.
ಎದೆ ಕೆತ್ತುವುದಕ್ಕೇ ನನಗೆ ಹೆಚ್ಚು ದಿನ ಹಿಡಿಯಿತು.

ಮೂರನೆಯದು ರಣಹದ್ದು. ಅದಕ್ಕೆ ಚಿತ್ರ ಬೇಡವಾಯಿತು.
ಹುಡುಗನಾಗಿದ್ದಾಗ ಹಳ್ಳದ ದಂಡೆಗೆ, ಸತ್ತ ಎತ್ತಿನ ಸುತ್ತ
ಪಂಚಾಯ್ತಿ ಕೂತ ಹಾಗೆ ಕೂತಿರುತ್ತಿದ್ದವು.
ನಾನು ಕಲ್ಲು ಬೀಸುತ್ತಿದ್ದೆ.
ಈಗಲೂ ಕಲ್ಲೇ.

ನಾಲ್ಕನೆಯದು ಯಾವುದು ಸಾರ್ ಅಂದೆ.
ಸಾಹೇಬರು ಪಟ್ಟಿ ಮಡಚಿ ಜೇಬಿಗಿಟ್ಟರು.
ಹೆಸರು ಆಮೇಲೆ. ನುಣುಪು ಮಾಡಿ ನೆಟ್ಟಿರು,
ಹೇಗೂ ಬೇಕಾಗುತ್ತದೆ. ಮುಂಗಡ ಇದರಲ್ಲೇ ಸೇರಿದೆ.

ನೆಟ್ಟೆ.
ರಾತ್ರಿ ನಿದ್ದೆ ಹತ್ತಲಿಲ್ಲ; ಮುಂಗಡ ಹಿಂದಿರುಗಿಸಲು
ದುಡ್ಡೂ ಉಳಿದಿರಲಿಲ್ಲ.
ಬೆಳಿಗ್ಗೆ ಹೋದರೆ ಕಲ್ಲಿನ ಬುಡದಲ್ಲಿ ಹೆಜ್ಜೆ,
ನಾಯಿಯದಕ್ಕಿಂತ ಉದ್ದ. ಮೊಣಕಾಲೆತ್ತರಕ್ಕೆ ಒದ್ದೆ,
ಮೂಗು ಸುಡುವ ನಾತ.
ಸೂರಯ್ಯ ಬಗ್ಗಿ ಮೂಸಿ ನಕ್ಕ:
ತೋಳ. ಗಂಡು. ಕಾಲೆತ್ತಿ ಹೋಗ್ಯಾನೆ.
ಆಮೇಲೆ ನಗು ನಿಲ್ಲಿಸಿ, ಕರು ಎಣಿಸಲು ಓಡಿದ.

ನಾಳೆ ಬರ್ತೀವಿ, ತೊಳೆದಿಡು ಅಂತ ಫೋನು.
ಉಳಿಯ ಬಾಯಿ ಮೊಂಡಾಗಿದೆ, ನಾಲ್ಕು ದಿನ ಬಿಟ್ಟು ಬನ್ನಿ
ಅಂದಿದ್ದೇನೆ.
ತುಂಬಿದ ಕೊಡ ಬಾಗಿಲಲ್ಲೇ ಇದೆ.